ಬೇಸಗೆಗೂ ಶರತ್ತಿಗೂ ನಡುವೆ

ಪ್ರತಿವರ್ಷ ಸೆಪ್ಟೆಂಬರ್ 22 ಅಥವಾ 23ರಂದು ಸೂರ್ಯನು ಭೂಮಧ್ಯರೇಖೆಯನ್ನು ದಾಟಿ ದಕ್ಷಿಣದ ಕಡೆಗೆ ಸರಿಯುತ್ತಾನೆ. ಹಗಲೂ ಇರುಳೂ ಹೆಚ್ಚುಕಡಿಮೆ ಸಮನಾಗುವ ಈ ದಿನಕ್ಕೆ ಖಗೋಳಶಾಸ್ತ್ರದಲ್ಲಿ ಶರದ್ವಿಷುವವೆಂದು ಹೆಸರು. ಯುರೋಪು, ಉತ್ತರ ಅಮೆರಿಕ, ಜಪಾನು ಮೊದಲಾದ ಸಮಶೀತೋಷ್ಣ ನಾಡುಗಳಲ್ಲಿ ಬೇಸಗೆ ಮುಗಿದು ಶರತ್ಕಾಲ ಕಾಲಿಟ್ಟಿತೆಂದು ಲೆಕ್ಕ ಹಾಕುವುದಕ್ಕೆ ಈ ದಿನವೇ ಗಡಿಯಾಗಿದೆ. ಆದರೆ ಅದೇ ದಿನ ಕರ್ನಾಟಕದಲ್ಲಿ ಕೊನೆಗೊಳ್ಳುತ್ತಿರುವುದು ಬೇಸಗೆಯಲ್ಲ, ಮಳೆಗಾಲ. ಇಲ್ಲಿನ ಬೇಸಗೆ ಜೂನ್ ತಿಂಗಳ ಮುಂಗಾರಿಗೇ ಮಣಿದು ಹಿಂದೆ ಸರಿದಿರುತ್ತದೆ. ಬೇಸಗೆಯಿಂದ ಶರತ್ತನ್ನು ಮುಟ್ಟಬೇಕಾದರೆ ಈ ನಾಡು ನಾಲ್ಕು ತಿಂಗಳ ನೀರನ್ನು ದಾಟಿ ಬರಬೇಕು. ಕನ್ನಡ ನಾಡಿನ ಶರತ್ತಿನ ಗುಣ, ಅದರ ಹಬ್ಬ, ಅದರ ಬೆಳೆ, ಅದರ ಕಾಯಿಲೆ ಎಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟಿಕೊಂಡಿವೆ. ಯಾವ ಋತು ಮೆಚ್ಚಿನದು ಎಂಬ ಪ್ರಶ್ನೆಗೆ ನಾಡಿನಿಂದ ನಾಡಿಗೆ ಉತ್ತರ ಬೇರೆಯಾಗುವುದೂ ಇದೇ ಕಾರಣಕ್ಕೆ: ಋತುವೆಂಬುದು ಸೂರ್ಯನೊಬ್ಬನ ಸೃಷ್ಟಿಯಲ್ಲ, ಸೂರ್ಯ, ನೆಲ, ನೀರು ಮತ್ತು ಮನುಷ್ಯನ ದುಡಿಮೆ ಇವೆಲ್ಲ ಸೇರಿ ಅದನ್ನು ರೂಪಿಸುತ್ತವೆ.

ಓರೆಯಾದ ಭೂಮಿ, ತಡವಾಗಿ ಬರುವ ಬಿಸಿ

ಬೇಸಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಾಗುತ್ತದೆ, ಚಳಿಗಾಲದಲ್ಲಿ ದೂರ ಹೋಗುತ್ತದೆ ಎಂಬ ಭಾವನೆ ಅನೇಕರಲ್ಲಿದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದ್ದು, ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ, ಅತ್ಯಂತ ದೂರವಾಗುವುದು ಜುಲೈ ತಿಂಗಳ ಮೊದಲ ವಾರದಲ್ಲಿ. ಋತುಗಳಿಗೆ ಕಾರಣ ದೂರವಲ್ಲ, ಓರೆ. ಭೂಮಿಯು ತಿರುಗುವ ಅಕ್ಷವು ಸುಮಾರು 23.4 ಡಿಗ್ರಿಯಷ್ಟು ವಾಲಿರುವುದರಿಂದ, ವರ್ಷದ ಅರ್ಧಭಾಗ ಉತ್ತರ ಗೋಳಾರ್ಧವು ಸೂರ್ಯನ ಕಡೆಗೆ ಬಾಗಿ ನೇರವಾದ ಕಿರಣಗಳನ್ನೂ ದೀರ್ಘವಾದ ಹಗಲನ್ನೂ ಪಡೆಯುತ್ತದೆ, ಉಳಿದರ್ಧ ಅದೇ ಭಾಗ್ಯ ದಕ್ಷಿಣ ಗೋಳಾರ್ಧಕ್ಕೆ ಸಲ್ಲುತ್ತದೆ. ದೂರದ ಪಾತ್ರ ಬೇರೊಂದು ಬಗೆಯದು. ಸೂರ್ಯನಿಂದ ದೂರವಿರುವಾಗ ಭೂಮಿಯ ವೇಗ ಕಡಿಮೆಯಾಗುವುದರಿಂದ, ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವದವರೆಗೆ ಸುಮಾರು 186 ದಿನಗಳು ಹಿಡಿಯುತ್ತವೆ, ಅಲ್ಲಿಂದ ಮತ್ತೆ ಮಾರ್ಚಿಗೆ ಮರಳಲು ಸುಮಾರು 179 ದಿನಗಳು ಸಾಕಾಗುತ್ತವೆ. ಹೀಗಾಗಿ ಉತ್ತರ ಗೋಳಾರ್ಧದ ಬೆಚ್ಚನೆಯ ಅರ್ಧವರ್ಷ ತಣ್ಣನೆಯ ಅರ್ಧವರ್ಷಕ್ಕಿಂತ ಒಂದು ವಾರ ಹೆಚ್ಚು ಉದ್ದವಾಗಿದೆ.

ಸೂರ್ಯನ ಬೆಳಕು ಅತಿ ಹೆಚ್ಚು ಸಿಗುವುದು ಜೂನ್ 21ರ ಸುಮಾರಿಗೆ ಆದರೂ ಸಮಶೀತೋಷ್ಣ ನಾಡುಗಳಲ್ಲಿ ಸೆಕೆ ಏರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ನೆಲವೂ ಕಡಲೂ ನಿಧಾನವಾಗಿ ಕಾಯ್ದು ನಿಧಾನವಾಗಿ ಆರುವ ಕಾರಣ ಬಿಸಿಯು ಬೆಳಕಿನ ಹಿಂದೆ ಕೆಲವು ವಾರ ತಡವಾಗಿ ಬರುತ್ತದೆ, ಅಷ್ಟೇ ತಡವಾಗಿ ಹೋಗುತ್ತದೆ. ಆ ನಾಡುಗಳಲ್ಲಿ ಶರತ್ತಿನ ಮೊದಲ ಸುಳಿವನ್ನು ಕೊಡುವುದು ಗಾಳಿಯ ತಂಪಿಗಿಂತ ಮುಂಚೆ ಹಗಲಿನ ಕುಗ್ಗುವಿಕೆಯೇ. ಲಂಡನ್ನಿನಲ್ಲಿ ಜೂನ್ ತಿಂಗಳ ದೀರ್ಘ ಹಗಲು ಹದಿನಾರೂವರೆ ಗಂಟೆಯನ್ನು ಮೀರಿದರೆ ಡಿಸೆಂಬರಿನ ಕಿರು ಹಗಲು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಈ ಎರಡು ಹಗಲುಗಳ ನಡುವಣ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಬೆಳಕಿನ ಏರಿಳಿತ ಇಷ್ಟು ಸಣ್ಣದಾಗಿರುವ ಕಡೆ ಋತುವನ್ನು ಗುರುತಿಸುವುದಕ್ಕೆ ಮೋಡ ಮತ್ತು ಗಾಳಿಗಳೇ ಮುಖ್ಯವಾಗುತ್ತವೆ.

ಎಲೆಗಳು ಕೆಂಪಾಗುವ ನಾಡುಗಳು

ಸಮಶೀತೋಷ್ಣ ನಾಡುಗಳ ಶರತ್ತಿಗೆ ಜಗತ್ಪ್ರಸಿದ್ಧಿಯನ್ನು ತಂದುಕೊಟ್ಟಿರುವುದು ಅಲ್ಲಿನ ಮರಗಳ ಬಣ್ಣ. ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಫಿಲ್ ಎಂಬ ವಸ್ತುವು ಬಿಸಿಲಿನಿಂದ ಆಹಾರವನ್ನು ತಯಾರಿಸುತ್ತದೆ. ಅದು ಸದಾ ಸವೆಯುತ್ತಲೂ ಸದಾ ಹೊಸದಾಗಿ ಕೂಡುತ್ತಲೂ ಇರುತ್ತದೆ. ಹಗಲು ಕಿರಿದಾಗಿ ಇರುಳು ತಣ್ಣಗಾದಾಗ ಮರವು ಅದನ್ನು ಹೊಸದಾಗಿ ಮಾಡುವುದನ್ನು ನಿಲ್ಲಿಸಿ, ಎಲೆಯಲ್ಲಿರುವ ಸಾರಜನಕ, ರಂಜಕಗಳಂಥ ಬೆಲೆಬಾಳುವ ಪೋಷಕಾಂಶಗಳನ್ನು ಕೊಂಬೆ, ಕಾಂಡಗಳಿಗೆ ಹಿಂದಕ್ಕೆಳೆದುಕೊಳ್ಳುತ್ತದೆ. ಹಸಿರು ಕರಗಿದಂತೆ, ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಕ್ಯಾರೊಟಿನಾಯ್ಡ್ ಎಂಬ ಹಳದಿ, ಕಿತ್ತಳೆ ವರ್ಣದ್ರವ್ಯಗಳು ಕಣ್ಣಿಗೆ ಬೀಳುತ್ತವೆ. ಮೇಪಲ್ ಮುಂತಾದ ಮರಗಳ ಕಡುಗೆಂಪು ಹೀಗೆ ಮೊದಲೇ ಇದ್ದುದಲ್ಲ; ಎಲೆಯಲ್ಲಿ ಉಳಿದುಕೊಂಡ ಸಕ್ಕರೆಯಿಂದ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಆ ದಿನಗಳಲ್ಲೇ ಹೊಸದಾಗಿ ತಯಾರಾಗುತ್ತದೆ. ಹಗಲು ಪ್ರಖರವಾದ ಬಿಸಿಲು, ಇರುಳು ಹಿಮ ಕಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಹೆಚ್ಚು ಉಜ್ಜ್ವಲವಾಗುವುದು ಇದರಿಂದಲೇ. ಕೊನೆಗೆ ತೊಟ್ಟಿನ ಬುಡದಲ್ಲಿ ಬೇರ್ಪಡಿಕೆಯ ಪದರವೊಂದು ಬೆಳೆದು, ಗಾಯವಾಗದ ಹಾಗೆ ಎಲೆ ಕಳಚಿಕೊಳ್ಳುತ್ತದೆ.

ಜಪಾನಿನಲ್ಲಿ ಈ ಬಣ್ಣದ ಅಲೆಯು ಸೆಪ್ಟೆಂಬರಿನಲ್ಲಿ ಉತ್ತರ ತುದಿಯ ಹೊಕ್ಕೈಡೊ ದ್ವೀಪದ ಬೆಟ್ಟಗಳಿಂದ ಹೊರಟು, ನವೆಂಬರ್ ಕೊನೆಯ ಹೊತ್ತಿಗೆ ಕ್ಯೋಟೋ ನಗರದ ದೇವಾಲಯಗಳ ತೋಟಗಳನ್ನು ತಲುಪುತ್ತದೆ, ಜನರು ಅದನ್ನು ನೋಡುವುದಕ್ಕೆಂದೇ ಯಾತ್ರೆ ಹೊರಡುತ್ತಾರೆ. ವಸಂತ ಮೇಲೋ ಶರತ್ತು ಮೇಲೋ ಎಂಬ ಚರ್ಚೆ ಆ ನಾಡಿನ ಸಾಹಿತ್ಯದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಎಂಟನೆಯ ಶತಮಾನದಲ್ಲಿ ಸಂಕಲನಗೊಂಡ ‘ಮಾನ್‌ಯೋಷು’ ಕಾವ್ಯಸಂಗ್ರಹದಲ್ಲಿ ನುಕತ ಎಂಬ ರಾಜವಂಶದ ಕವಯಿತ್ರಿಯು ವಸಂತದ ಹೂಗಳನ್ನೂ ಶರತ್ತಿನ ಎಲೆಗಳನ್ನೂ ತೂಗಿ ನೋಡಿ ಶರತ್ತಿನ ಪರವಾಗಿ ತೀರ್ಪು ಕೊಟ್ಟಿದ್ದಾಳೆ. ಹನ್ನೊಂದನೆಯ ಶತಮಾನದ ಆರಂಭದ ‘ಗೆಂಜಿ’ ಕಥೆಯಲ್ಲಿ ನಾಲ್ಕು ಋತುಗಳಿಗೆ ನಾಲ್ಕು ತೋಟಗಳಿರುವ ಅರಮನೆಯೊಂದರ ವರ್ಣನೆ ಬರುತ್ತದೆ. ಅಲ್ಲಿ ವಸಂತದ ತೋಟದವರೂ ಶರತ್ತಿನ ತೋಟದವರೂ ತಮ್ಮ ತಮ್ಮ ಋತುವಿನ ಹಿರಿಮೆಯನ್ನು ಕಾವ್ಯದ ಮೂಲಕ ವಾದಿಸುತ್ತಾರೆ. ನಶಿಸಿಹೋಗುವುದರಲ್ಲಿ ಸೊಬಗನ್ನು ಕಾಣುವ ಆ ಜನರ ಅಭಿರುಚಿಗೆ, ಉದುರುವ ಮುನ್ನ ಹೊತ್ತಿ ಉರಿಯುವ ಎಲೆಗಿಂತ ಸರಿಯಾದ ನಿದರ್ಶನ ಸಿಗುವಂತಿರಲಿಲ್ಲ.

ಕರ್ನಾಟಕದ ಮರಗಳೂ ಎಲೆ ಉದುರಿಸುತ್ತವೆ, ಆದರೆ ಶರತ್ತಿನಲ್ಲಿ ಅಲ್ಲ. ಬಂಡೀಪುರ, ನಾಗರಹೊಳೆ, ಭದ್ರಾ ಕಾಡುಗಳ ತೇಗ, ಮತ್ತಿ, ಹೊನ್ನೆ ಮರಗಳು ಮಳೆಯ ತೇವವೆಲ್ಲ ಆರಿದ ಮೇಲೆ, ಜನವರಿಯಿಂದ ಮಾರ್ಚ್ ವರೆಗಿನ ಒಣ ದಿನಗಳಲ್ಲಿ ಬೋಳಾಗುತ್ತವೆ. ಚಳಿನಾಡಿನ ಮರ ಹೆಪ್ಪುಗಟ್ಟುವ ಚಳಿಯಿಂದಲೂ ಬೆಳಕಿನ ಕೊರತೆಯಿಂದಲೂ ತನ್ನನ್ನು ಕಾಪಾಡಿಕೊಳ್ಳಲು ಎಲೆಯನ್ನು ಬಿಟ್ಟುಕೊಟ್ಟರೆ, ಇಲ್ಲಿನ ಮರ ಎಲೆಯ ಮೂಲಕ ಆವಿಯಾಗಿ ಹೋಗುವ ನೀರನ್ನು ಉಳಿಸಿಕೊಳ್ಳಲು ಹಾಗೆ ಮಾಡುತ್ತದೆ. ಆದ್ದರಿಂದ ಇಲ್ಲಿ ಎಲೆ ಉದುರುವ ಕಾಲ ಶಿಶಿರ, ಅದರ ಬೆನ್ನಿಗೇ ಚಿಗುರಿನ ವಸಂತ. ಶರತ್ತಿನ ಹೊತ್ತಿಗೆ ಇಲ್ಲಿನ ಕಾಡು ವರ್ಷದಲ್ಲೇ ಅತ್ಯಂತ ದಟ್ಟವಾಗಿ ಹಸಿರಾಗಿರುತ್ತದೆ.

ಎರಡು ಬಾರಿ ನೆತ್ತಿಗೆ ಬರುವ ಸೂರ್ಯ

ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿರುವ ಕರ್ನಾಟಕದ ಪ್ರತಿಯೊಂದು ಊರಿನಲ್ಲೂ ಸೂರ್ಯನು ವರ್ಷಕ್ಕೆ ಎರಡು ಸಲ ನಡುಹಗಲಿನಲ್ಲಿ ನೆಟ್ಟಗೆ ನೆತ್ತಿಯ ಮೇಲೆ ನಿಲ್ಲುತ್ತಾನೆ. ಬೆಂಗಳೂರಿನಲ್ಲಿ ಈ ‘ನೆರಳಿಲ್ಲದ ದಿನ’ಗಳು ಏಪ್ರಿಲ್ 24 ಹಾಗೂ ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತವೆ. ಎರಡೂ ದಿನ ಸೂರ್ಯನ ಎತ್ತರ ಒಂದೇ ಆದರೂ ಏಪ್ರಿಲ್ ತಿಂಗಳಲ್ಲಿ ಅಲ್ಲಿನ ಸರಾಸರಿ ಗರಿಷ್ಠ ತಾಪಮಾನ ಸುಮಾರು 34 ಡಿಗ್ರಿ ಸೆಲ್ಸಿಯಸ್ ಇದ್ದರೆ ಆಗಸ್ಟಿನಲ್ಲಿ ಅದು ಸುಮಾರು 28 ಡಿಗ್ರಿ. ಈ ಆರು ಡಿಗ್ರಿಯ ವ್ಯತ್ಯಾಸವನ್ನು ತಂದುಕೊಟ್ಟಿದ್ದು ಮುಂಗಾರಿನ ಮೋಡ ಮತ್ತು ತೊಯ್ದ ನೆಲ. ಯುರೋಪಿನಲ್ಲಿ ಬೇಸಗೆಯನ್ನು ಮುಗಿಸುವ ಕೆಲಸ ಇಳಿಯುವ ಸೂರ್ಯನದಾದರೆ ಇಲ್ಲಿ ಸೂರ್ಯ ಇನ್ನೂ ಉತ್ತರಕ್ಕೆ ಏರುತ್ತಿರುವಾಗಲೇ ಆ ಕೆಲಸವನ್ನು ಮಳೆ ಮಾಡಿ ಮುಗಿಸಿರುತ್ತದೆ.

ನೈರುತ್ಯ ಮಾರುತ, ಅಂದರೆ ಮುಂಗಾರು, ಸಾಮಾನ್ಯವಾಗಿ ಜೂನ್ 1ರಂದು ಕೇರಳವನ್ನು ಮುಟ್ಟಿ ಕೆಲವೇ ದಿನಗಳಲ್ಲಿ ಕರಾವಳಿಗೆ ಬರುತ್ತದೆ. ಪಶ್ಚಿಮ ಘಟ್ಟಕ್ಕೆ ತಡೆದು ಮೇಲೇರುವ ಗಾಳಿ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸುತ್ತದೆ, ಘಟ್ಟವನ್ನಿಳಿದು ಬಯಲುಸೀಮೆಗೆ ಬರುವಷ್ಟರಲ್ಲಿ ಬರಿದಾಗುತ್ತದೆ. ಸೆಪ್ಟೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಂತೆ ವಾಯವ್ಯ ಭಾರತದ ನೆಲ ಆರತೊಡಗಿ, ಅಲ್ಲಿದ್ದ ಕಡಿಮೆ ಒತ್ತಡದ ಪ್ರದೇಶ ದುರ್ಬಲವಾಗಿ, ಒಣಗಾಳಿ ನೆಲೆಗೊಳ್ಳುತ್ತದೆ. ಮುಂಗಾರು ಹಿಂದೆ ಸರಿಯುವುದು ಆ ರಾಜಸ್ಥಾನದ ಮೂಲೆಯಿಂದಲೇ. ಸಾಮಾನ್ಯವಾಗಿ ಅಕ್ಟೋಬರ್ ನಡುವಿನ ಹೊತ್ತಿಗೆ ಅದು ಇಡೀ ದೇಶದಿಂದ ಕಾಲ್ತೆಗೆಯುತ್ತದೆ. ಆಮೇಲೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗಿ, ಬಂಗಾಳ ಕೊಲ್ಲಿಯ ತೇವವನ್ನು ಹೊತ್ತು ತರುತ್ತದೆ. ಇದೇ ಹಿಂಗಾರು. ತಮಿಳುನಾಡಿನಷ್ಟು ಅಲ್ಲವಾದರೂ ದಕ್ಷಿಣ ಒಳನಾಡು ಕರ್ನಾಟಕಕ್ಕೂ ಇದರ ಪಾಲು ಸಲ್ಲುತ್ತದೆ.

ಈ ಕಾರಣದಿಂದ ಕರ್ನಾಟಕದ ಎಲ್ಲ ಕಡೆ ಶರತ್ತು ಒಂದೇ ರೂಪದಲ್ಲಿ ಬರುವುದಿಲ್ಲ. ಮಂಗಳೂರಿನಲ್ಲಿ ಮಳೆಯ ಶಿಖರ ಜುಲೈ ತಿಂಗಳಾದರೆ ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಕರಾವಳಿಯ ಜನ ಛತ್ರಿಯನ್ನು ಮಡಿಸಿಡುವ ಹೊತ್ತಿಗೆ ಕೋಲಾರ, ತುಮಕೂರು, ಚಿತ್ರದುರ್ಗಗಳ ರೈತರು ಸಂಜೆಯ ಗುಡುಗುಮಳೆಗಾಗಿ ಪೂರ್ವದಿಕ್ಕನ್ನು ನೋಡುತ್ತಿರುತ್ತಾರೆ. ಮೋಡ ಹರಿದು, ನೆಲದಲ್ಲಿ ತೇವ ಉಳಿದಿರುವ ದಿನಗಳಲ್ಲಿ ಬಿಸಿಲು ಚುರುಕಾಗಿ, ಗಾಳಿ ಬೆವರನ್ನು ಆರಿಸಲಾರದೆ ‘ಅಕ್ಟೋಬರ್ ಸೆಕೆ’ ಎಂಬ ಪುಟ್ಟ ಬೇಸಗೆಯೊಂದು ಮರಳಿ ಬರುತ್ತದೆ. ಹಗಲು ಬೇಸಗೆಯನ್ನೂ ಸಂಜೆ ಮಳೆಗಾಲವನ್ನೂ ಬೆಳಗಿನ ಜಾವ ಚಳಿಗಾಲವನ್ನೂ ಒಂದೇ ದಿನದೊಳಗೆ ತೋರಿಸಬಲ್ಲ ಋತು ಇದೊಂದೇ.

ಆರು ಋತು, ಇಪ್ಪತ್ತೇಳು ನಕ್ಷತ್ರ

ಭಾರತ ಹವಾಮಾನ ಇಲಾಖೆಯು ವರ್ಷವನ್ನು ಚಳಿಗಾಲ, ಮುಂಗಾರುಪೂರ್ವ, ಮುಂಗಾರು ಮತ್ತು ಮುಂಗಾರೋತ್ತರವೆಂದು ನಾಲ್ಕಾಗಿ ವಿಂಗಡಿಸುತ್ತದೆ. ಶಾಲೆಯ ಪಾಠದಲ್ಲಿ ಅದು ಬೇಸಗೆ, ಮಳೆ, ಚಳಿ ಎಂಬ ಮೂರು ಕಾಲಗಳಿಗಿಳಿಯುತ್ತದೆ. ಈ ಎರಡೂ ವಿಂಗಡಣೆಗಳಲ್ಲಿ ಶರತ್ತಿಗೆ ಸ್ವಂತ ಹೆಸರಿಲ್ಲ. ಪಂಚಾಂಗದ ಆರು ಋತುಗಳಲ್ಲಿ ಮಾತ್ರ ಆಶ್ವಯುಜ, ಕಾರ್ತಿಕ ಎಂಬ ಎರಡು ಮಾಸಗಳು ಶರದೃತುವಿಗೆ ಮೀಸಲಾಗಿವೆ. ವೇದಗಳ ಪ್ರಾರ್ಥನೆಗಳು ದೀರ್ಘಾಯುಷ್ಯವನ್ನು ನೂರು ಶರತ್ತುಗಳ ಲೆಕ್ಕದಲ್ಲಿ ಬೇಡುತ್ತವೆ; ಮಳೆಗಾಲದ ರೋಗ, ಪ್ರವಾಹಗಳನ್ನು ದಾಟಿ ಶರತ್ತನ್ನು ಕಂಡವನು ಇನ್ನೊಂದು ವರ್ಷವನ್ನು ಗೆದ್ದಂತೆ ಎಂಬ ಅನುಭವ ಈ ಎಣಿಕೆಯ ಹಿಂದೆ ಇದ್ದಿರಬೇಕು. ಕಾಳಿದಾಸನ ಹೆಸರಿನಲ್ಲಿರುವ ‘ಋತುಸಂಹಾರ’ವು ಗ್ರೀಷ್ಮದಿಂದ ಆರಂಭವಾಗಿ, ವರ್ಷಋತುವನ್ನು ದಾಟಿ, ಮೂರನೆಯ ಸರ್ಗದಲ್ಲಿ ಶರತ್ತಿಗೆ ಬರುತ್ತದೆ. ಬೇಸಗೆಗೂ ಶರತ್ತಿಗೂ ನಡುವೆ ಮಳೆಯನ್ನಿಟ್ಟ ಈ ಕ್ರಮ ಭಾರತದ ನೆಲದ ನಿಜವನ್ನು ಹಾಗೆಯೇ ಹಿಡಿದಿದೆ.

ರೈತರ ಲೆಕ್ಕ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳ ದಾರಿಯಲ್ಲಿ ಒಂದೊಂದನ್ನು ಹಾಯಲು ತೆಗೆದುಕೊಳ್ಳುವ ಹದಿಮೂರು, ಹದಿನಾಲ್ಕು ದಿನಗಳ ಅವಧಿಯನ್ನು ಒಂದು ‘ಮಳೆ’ ಎಂದು ಎಣಿಸುವುದು ಕನ್ನಡ ನಾಡಿನ ವಾಡಿಕೆ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬಂಥ ಗಾದೆಗಳು ಬಿತ್ತನೆಯ ಪಂಚಾಂಗವನ್ನು ಓದುಬರಹ ಬಾರದವರ ನೆನಪಿನಲ್ಲೂ ಉಳಿಸಿವೆ. ಆಗಸ್ಟ್ ಕೊನೆಯ ಹುಬ್ಬೆ, ಸೆಪ್ಟೆಂಬರ್ ನಡುವಿನ ಉತ್ತರೆ, ಆಮೇಲಿನ ಹಸ್ತ, ಚಿತ್ತೆ, ಸ್ವಾತಿ, ನವೆಂಬರಿನ ವಿಶಾಖೆ ಇವು ಮಳೆಗಾಲವನ್ನು ಶರತ್ತಿನೊಳಕ್ಕೆ ದಾಟಿಸುವ ಮಳೆಗಳು. ಸ್ವಾತಿಯ ಹನಿ ಕಡಲ ಚಿಪ್ಪಿನಲ್ಲಿ ಬಿದ್ದರೆ ಮುತ್ತಾಗುತ್ತದೆಂಬ ನಂಬಿಕೆಗೆ ವಿಜ್ಞಾನದ ಆಧಾರವಿಲ್ಲ. ಆದರೆ ವರ್ಷದ ಕೊನೆಯ ಹದವಾದ ಮಳೆಗೆ ಬೇಸಾಯಗಾರರು ಎಷ್ಟು ಬೆಲೆ ಕಟ್ಟಿದ್ದರೆಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ.

ಈ ನಕ್ಷತ್ರ ಲೆಕ್ಕಕ್ಕೆ ಒಂದು ಮಿತಿಯೂ ಉಂಟು. ಭೂಮಿಯ ಅಕ್ಷವು ತಿರುಗುವ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ವಿಷುವಬಿಂದುಗಳು ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತವೆ. ಇದನ್ನು ಅಯನಚಲನೆ ಎನ್ನುತ್ತಾರೆ. ಸುಮಾರು 1700 ವರ್ಷಗಳ ಹಿಂದೆ ವಿಷುವದೊಂದಿಗೆ ಕೂಡಿಕೊಂಡಿದ್ದ ಸಂಕ್ರಮಣಗಳು ಈಗ ಮೂರು ವಾರಕ್ಕೂ ಹೆಚ್ಚು ತಡವಾಗಿ ಬರುತ್ತಿರುವುದು ಇದರಿಂದಲೇ. ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಜನ ಸೇರುವ ತುಲಾ ಸಂಕ್ರಮಣವು ಶರದ್ವಿಷುವದ ದಿನವಲ್ಲದೆ ಅಕ್ಟೋಬರ್ 17ರ ಸುಮಾರಿಗೆ ಬರುವುದು ಇದಕ್ಕೆ ಉದಾಹರಣೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗವು ತಿಂಗಳುಗಳನ್ನು ಸೂರ್ಯನ ನಿಜವಾದ ಸ್ಥಾನಕ್ಕೆ ಮತ್ತೆ ಹೊಂದಿಸಿದ್ದು, ಅದರಲ್ಲಿ ಆಶ್ವಯುಜವು ಸೆಪ್ಟೆಂಬರ್ 23ಕ್ಕೆ ಮೊದಲಾಗುತ್ತದೆ.

ತಿಳಿಯಾದ ನೀರು, ತುಂಬಿದ ಹೊಲ

ಶರತ್ತಿನ ಮೊದಲ ಗುರುತು ತಿಳಿಯಾಗುವ ನೀರು. ಮಳೆಗಾಲದಲ್ಲಿ ಮಣ್ಣು ಕೊಚ್ಚಿಕೊಂಡು ಕೆಂಪಾಗಿ ಹರಿದ ಹಳ್ಳ ಹೊಳೆಗಳು, ಮೇಲ್ಹರಿವು ನಿಂತು ನೆಲದೊಳಗಿನ ಒರತೆಯ ನೀರೇ ಮುಖ್ಯವಾದಾಗ ತಳ ಕಾಣುವಷ್ಟು ಸ್ವಚ್ಛವಾಗುತ್ತವೆ. ಗಾಳಿಯಲ್ಲಿದ್ದ ದೂಳನ್ನೆಲ್ಲ ಮಳೆ ತೊಳೆದಿರುವುದರಿಂದ ಆಕಾಶದ ನೀಲಿ ಆಳವಾಗುತ್ತದೆ, ಬೆಳದಿಂಗಳು ಬೆಳ್ಳಗಾಗುತ್ತದೆ. ಚರಕ, ವಾಗ್ಭಟರ ಆಯುರ್ವೇದ ಗ್ರಂಥಗಳು ಹಗಲು ಸೂರ್ಯನಿಂದ ಕಾಯ್ದು, ಇರುಳು ಚಂದ್ರನಿಂದ ತಂಪಾಗಿ, ಅಗಸ್ತ್ಯ ನಕ್ಷತ್ರದ ಉದಯದಿಂದ ನಿರ್ವಿಷವಾದ ಈ ನೀರನ್ನು ಹಂಸೋದಕವೆಂದು ಕರೆದು ಶ್ರೇಷ್ಠವೆಂದಿವೆ. ಅಗಸ್ತ್ಯವು ದಕ್ಷಿಣ ಆಕಾಶದ ಅತಿ ಉಜ್ಜ್ವಲ ನಕ್ಷತ್ರಗಳಲ್ಲೊಂದು. ಭಾದ್ರಪದದ ವೇಳೆಗೆ ಬೆಳಗಿನ ಜಾವ ಅದು ಕಾಣಿಸಿಕೊಳ್ಳುವ ಕಾಲ ಮತ್ತು ನೀರು ತಿಳಿಯಾಗುವ ಕಾಲ ಒಂದೇ ಆದುದರಿಂದ ಹಿಂದಿನವರು ಎರಡನ್ನೂ ಜೋಡಿಸಿ ನೆನಪಿಟ್ಟರು.

ಪಾರಿಜಾತ ನಸುಕಿನಲ್ಲಿ ನೆಲಕ್ಕೆ ಸುರಿಯುವುದು, ತಂಗಡಿಯ ಹಳದಿ ಹೂ ಬಯಲುಸೀಮೆಯ ದಾರಿಬದಿಯನ್ನು ತುಂಬುವುದು, ರಾಗಿ ಹೊಲದ ಸಾಲುಗಳ ನಡುವೆ ಹುಚ್ಚೆಳ್ಳು ಹೂಬಿಡುವುದು, ಸೇವಂತಿಗೆ ಮತ್ತು ಚೆಂಡುಹೂವಿನ ರಾಶಿ ಸಂತೆಗೆ ಬರುವುದು ಇವೆಲ್ಲ ಈ ದಿನಗಳ ಸಂಗತಿಗಳು. ಹಿಮಾಲಯದ ತೊರೆಗಳ ಬಳಿ ಮರಿ ಮಾಡಿದ ಬೂದು ಸಿಪಿಲೆ ಹಕ್ಕಿಗಳು ಸೆಪ್ಟೆಂಬರಿನಲ್ಲಿ ಪಶ್ಚಿಮ ಘಟ್ಟದ ಹಳ್ಳಗಳಿಗೆ ಬಂದಿಳಿದು ಬಾಲ ಕುಣಿಸುತ್ತಾ ಓಡಾಡುತ್ತವೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟಗಳಲ್ಲಿ ಪಾಂಟಾಲಾ ಫ್ಲಾವೆಸೆನ್ಸ್ ಎಂಬ ಜಾತಿಯು ಅಕ್ಟೋಬರಿನಲ್ಲಿ ಭಾರತದಿಂದ ಹೊರಟು, ಈಶಾನ್ಯದ ಗಾಳಿಯ ನೆರವಿನಿಂದ ಮಾಲ್ಡೀವ್ಸ್ ದ್ವೀಪಗಳ ಮೂಲಕ ಪೂರ್ವ ಆಫ್ರಿಕವನ್ನು ತಲುಪುತ್ತದೆಂಬುದನ್ನು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರಕಟಿಸಿದರು. ಐದು ಸೆಂಟಿಮೀಟರಿನಷ್ಟೇ ಉದ್ದವಿರುವ ಈ ಜೀವಿಯು ಸಮುದ್ರವನ್ನು ದಾಟಲು ಆರಿಸಿಕೊಂಡಿರುವುದು ಗಾಳಿ ದಿಕ್ಕು ಬದಲಿಸುವ ಈ ಹೊತ್ತನ್ನೇ.

ಹೊಲದಲ್ಲಿ ಈ ಕಾಲ ಎರಡು ಬೆಳೆಗಳ ಸಂಧಿಯಾಗಿದೆ. ಮುಂಗಾರಿನ ರಾಗಿ, ಭತ್ತಗಳು ತೆನೆಗಟ್ಟಿ ತೂಗುತ್ತಿರುವಾಗ, ವಿಜಯಪುರ, ಬಾಗಲಕೋಟೆ, ಕಲಬುರಗಿ ಸೀಮೆಯ ಎರೆಮಣ್ಣಿನಲ್ಲಿ ಹಿಂಗಾರಿ ಜೋಳ, ಕಡಲೆಗಳ ಬಿತ್ತನೆ ನಡೆಯುತ್ತದೆ. ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುವುದರಿಂದ, ಬಿತ್ತಿದ ಮೇಲೆ ಮಳೆ ಹೆಚ್ಚು ಬಾರದಿದ್ದರೂ ಮಾಲದಂಡಿಯಂಥ ಜೋಳದ ತಳಿಗಳು ನೆಲದ ತೇವ ಮತ್ತು ಚಳಿಯ ಇಬ್ಬನಿಯ ಆಸರೆಯಲ್ಲಿ ಬೆಳೆಯುತ್ತವೆ. ಶರತ್ತಿನಲ್ಲಿ ಬಿತ್ತಿದ್ದು ಸಂಕ್ರಾಂತಿಯ ಸುಮಾರಿಗೆ ಸೀತನಿಯಾಗಿ, ಅಂದರೆ ಸುಟ್ಟು ತಿನ್ನುವ ಹಾಲುತೆನೆಯಾಗಿ, ಕೈಗೆ ಬರುತ್ತದೆ. ಆಶ್ವಯುಜದ ಹುಣ್ಣಿಮೆಯನ್ನು ಉತ್ತರ ಕರ್ನಾಟಕದವರು ಸೀಗಿ ಹುಣ್ಣಿಮೆಯೆಂದೂ ಮಲೆನಾಡಿನವರು ಭೂಮಿ ಹುಣ್ಣಿಮೆಯೆಂದೂ ಆಚರಿಸುತ್ತಾರೆ. ತೆನೆ ಹೊತ್ತ ನೆಲವನ್ನು ಬಸಿರು ಹೆಂಗಸೆಂದು ಭಾವಿಸಿ, ಅವಳ ಬಯಕೆಯನ್ನು ತೀರಿಸಲೆಂದು ಬಗೆಬಗೆಯ ಅಡುಗೆ ಮಾಡಿ ಹೊಲಕ್ಕೆ ಚೆಲ್ಲುವುದು ಈ ಹಬ್ಬದ ತಿರುಳು. ಸಾಗರ, ಸೊರಬ, ಶಿರಸಿ ಸುತ್ತಿನ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಈ ಅಡುಗೆಯನ್ನು ಹೊಲಕ್ಕೆ ಹೊತ್ತು ಒಯ್ಯುತ್ತಾರೆ.

ದಾರಿ ತೆರೆಯುವ ಕಾಲ

ಮಳೆಗಾಲವು ಒಂದಾನೊಂದು ಕಾಲದಲ್ಲಿ ನಿಂತಲ್ಲೇ ನಿಲ್ಲುವ ಕಾಲವಾಗಿತ್ತು. ಹೊಳೆಗಳು ದಾಟಲಾಗದಂತೆ ತುಂಬುತ್ತಿದ್ದವು, ಬಂಡಿದಾರಿಗಳು ಕೆಸರಾಗುತ್ತಿದ್ದವು, ಕರಾವಳಿಯ ಬಂದರುಗಳು ಹಡಗುಗಳಿಗೆ ಮುಚ್ಚುತ್ತಿದ್ದವು. ಸನ್ಯಾಸಿಗಳ ಚಾತುರ್ಮಾಸ್ಯ, ಬೌದ್ಧ ಮತ್ತು ಜೈನ ಮುನಿಗಳ ವರ್ಷಾವಾಸ ಎರಡೂ ಈ ನಿಲುಗಡೆಯನ್ನೇ ವ್ರತವಾಗಿಸಿದವು. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ರಾಮನು ಸೀತೆಯನ್ನು ಹುಡುಕಿಸಲು ಮಳೆಗಾಲ ಮುಗಿಯುವುದನ್ನೇ ಕಾಯುತ್ತಾನೆ. ಮಳೆಯ ವರ್ಣನೆಯ ನಂತರ ಶರತ್ತಿನ ವರ್ಣನೆ ಬಂದೊಡನೆ ಕಥೆಯೂ ಮುಂದಕ್ಕೆ ಚಲಿಸುತ್ತದೆ. ಆ ಕಿಷ್ಕಿಂಧೆಯನ್ನು ಪರಂಪರೆಯು ಹಂಪಿ, ಆನೆಗೊಂದಿಯ ಪ್ರದೇಶದಲ್ಲಿ ಗುರುತಿಸಿದೆ, ಅಲ್ಲಿನ ಮಾಲ್ಯವಂತ ಬೆಟ್ಟವನ್ನು ರಾಮನು ಮಳೆಗಾಲ ಕಳೆದ ತಾಣವೆಂದು ಇಂದಿಗೂ ತೋರಿಸಲಾಗುತ್ತದೆ.

ಅದೇ ಹಂಪಿಯಲ್ಲಿ ವಿಜಯನಗರದ ಅರಸರು ಮಹಾನವಮಿಯನ್ನು ಆಚರಿಸಿದ್ದು ಕೇವಲ ಕಾಕತಾಳೀಯವಲ್ಲ. ದಾರಿ ಒಣಗಿ, ದನಕುದುರೆಗಳಿಗೆ ಮೇವು ಹೇರಳವಾಗಿ, ಕಣಜ ತುಂಬುವ ಭರವಸೆ ಮೂಡಿದ ಈ ಕಾಲವೇ ರಾಜರು ದಂಡಯಾತ್ರೆ ಹೊರಡುವ ಕಾಲ, ಆದ್ದರಿಂದಲೇ ಆಯುಧಗಳಿಗೆ ಪೂಜೆ ಸಲ್ಲಿಸುವ ಕಾಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಹಾಗೂ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಬ್ಬರೂ ಈ ಉತ್ಸವದ ವೈಭವವನ್ನು ದಾಖಲಿಸಿದ್ದಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದ ಪರಂಪರೆಯೇ ಇಂದು ಮೈಸೂರು ದಸರೆಯಾಗಿದೆ. ವಿಜಯದಶಮಿಯಂದು ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಬನ್ನಿ ಎಲೆಯನ್ನು ಬಂಗಾರವೆಂದು ಹಂಚಿ ಹಿರಿಯರಿಗೆ ನಮಸ್ಕರಿಸುವ ವಾಡಿಕೆಯೂ ಇದೇ ಬೇರಿನದು. ಕರಾವಳಿಯ ಮೊಗವೀರರಿಗೂ ಮಳೆಗಾಲ ತಗ್ಗಿದ ಮೇಲೆಯೇ ಕಡಲು ತೆರೆದುಕೊಳ್ಳುತ್ತದೆ. ಮೀನಿನ ಸಂತಾನಾಭಿವೃದ್ಧಿಗಾಗಿ ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಇರುವ ನಿಷೇಧ ಮುಗಿದು, ಬಲೆ ತುಂಬುವ ದಿನಗಳು ಶರತ್ತಿನಲ್ಲಿ ಬರುತ್ತವೆ.

ಮೆಚ್ಚಿನ ಋತು ಯಾವುದು

ಋತುಗಳ ರಾಜನೆಂಬ ಪಟ್ಟವನ್ನು ಕವಿಗಳು ವಸಂತಕ್ಕೆ ಕಟ್ಟಿದ್ದಾರೆ. ಕ್ರಿ.ಶ. 941ರಲ್ಲಿ ಪಂಪನು ಬನವಾಸಿಯನ್ನು ನೆನೆದಾಗ ಅವನ ಮನಸ್ಸಿಗೆ ಬಂದದ್ದು ತೆಂಕಣದ ಗಾಳಿ, ಮಲ್ಲಿಗೆ, ವಸಂತೋತ್ಸವ. ಮಲೆನಾಡಿನಲ್ಲಿ ಬೆಳೆದ ಲೇಖಕರಿಗೆ ಮಳೆಗಾಲವೇ ಸರ್ವಸ್ವ. ಹೀಗಿರುವಾಗ ಶರತ್ತನ್ನು ಮೆಚ್ಚಿದವರು ಯಾರು ಎಂದು ಕೇಳಿದರೆ, ಹೊಲದಲ್ಲಿ ನಿಂತವರು, ದಾರಿ ಹಿಡಿದು ಹೊರಟವರು, ಕಡಲಿಗಿಳಿದವರು ಎಂಬ ಉತ್ತರ ಸಿಗುತ್ತದೆ. ವರ್ಷದ ಪಾಡು ಏನಾಯಿತೆಂಬುದು ತಿಳಿಯುವುದು ಈ ಋತುವಿನಲ್ಲಿ: ಕೆರೆ ತುಂಬಿತೇ, ತೆನೆ ಕಟ್ಟಿತೇ, ಮೇವು ಸಾಕಾದೀತೇ ಎಂಬ ಪ್ರಶ್ನೆಗಳಿಗೆಲ್ಲ ಶರತ್ತು ಉತ್ತರ ಕೊಡುತ್ತದೆ. ಸಮಶೀತೋಷ್ಣ ನಾಡಿನ ಶರತ್ತಿನಲ್ಲಿ ಬರಲಿರುವ ಹಿಮದ ಅಳುಕು ಬೆರೆತಿದ್ದರೆ ಇಲ್ಲಿನ ಶರತ್ತಿನ ಮುಂದೆ ಇರುವುದು ಸುಗ್ಗಿ. ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡಿಗರು ಎಲೆ ಉದುರುವ ನಡುವೆ ದೀಪಾವಳಿ ಮಾಡಿದರೆ ಮೆಲ್ಬರ್ನಿನಲ್ಲಿರುವವರು ಅದೇ ಹಬ್ಬವನ್ನು ದಕ್ಷಿಣ ಗೋಳಾರ್ಧದ ವಸಂತದಲ್ಲಿ ಮಾಡುತ್ತಾರೆ; ಹಬ್ಬ ಅವರೊಂದಿಗೆ ಕಡಲು ದಾಟಿದೆ, ಆದರೆ ಅದನ್ನು ಹುಟ್ಟಿಸಿದ ಋತು ಈ ನೆಲದಲ್ಲೇ ಉಳಿದಿದೆ.

ಮೆಚ್ಚುಗೆ ಎಂದರೆ ಕುರುಡು ಪ್ರೀತಿಯಲ್ಲ. ಶರತ್ತು ರೋಗಗಳ ಕಾಲವೂ ಹೌದೆಂಬುದನ್ನು ಆಯುರ್ವೇದ ಬಲು ಹಿಂದೆಯೇ ಗುರುತಿಸಿತ್ತು. ಮಳೆಯ ತಂಪಿಗೆ ಒಗ್ಗಿದ ದೇಹದ ಮೇಲೆ ಹಠಾತ್ತನೆ ಚುರುಕಾದ ಬಿಸಿಲು ಬಿದ್ದು ಪಿತ್ತ ಕೆರಳುತ್ತದೆಂದು ಹೇಳಿ, ಕಹಿ ಮತ್ತು ಸಿಹಿ ರುಚಿಯ ಲಘು ಆಹಾರವನ್ನೂ ಬೆಳದಿಂಗಳ ಸೇವನೆಯನ್ನೂ ಅದು ಸೂಚಿಸುತ್ತದೆ. ಆಧುನಿಕ ವೈದ್ಯದ ಕಣ್ಣಿನಲ್ಲಿ ಇದು ನಿಂತ ನೀರಿನಲ್ಲಿ ಸೊಳ್ಳೆ ಹೆಚ್ಚಿ ಡೆಂಗಿ, ಮಲೇರಿಯಗಳು ಹರಡುವ ಕಾಲ. ಇಬ್ಬರ ವಿವರಣೆ ಬೇರೆಯಾದರೂ ಎಚ್ಚರಿಕೆ ಒಂದೇ.

ಈ ಋತುವಿನ ಗಡಿಗಳೂ ಈಗ ಸರಿಯುತ್ತಿವೆ. ಇತ್ತೀಚಿನ ದಶಕಗಳ ದಾಖಲೆಗಳ ಆಧಾರದ ಮೇಲೆ ಹವಾಮಾನ ಇಲಾಖೆಯು 2020ರಲ್ಲಿ ಮುಂಗಾರಿನ ದಿನಾಂಕಗಳನ್ನು ಪರಿಷ್ಕರಿಸಿ, ವಾಯವ್ಯ ಭಾರತದಿಂದ ಅದು ಹಿಂದೆ ಸರಿಯಲಾರಂಭಿಸುವ ಸಾಮಾನ್ಯ ದಿನವನ್ನು ಸೆಪ್ಟೆಂಬರ್ 1ರಿಂದ 17ಕ್ಕೆ ಮುಂದೂಡಿತು. 2019ರಲ್ಲಿ ಆ ಹಿಂಜರಿತ ಆರಂಭವಾಗಲು ಅಕ್ಟೋಬರ್ 9 ಆಗಬೇಕಾಯಿತು. 2021ರ ನವೆಂಬರಿನಲ್ಲಿ ಬಿಡದೆ ಸುರಿದ ಮಳೆಗೆ ದಕ್ಷಿಣ ಕರ್ನಾಟಕದ ರಾಗಿ ತೆನೆಗಳು ಹೊಲದಲ್ಲೇ ಮೊಳೆತವು, ಕಾಫಿ ಹಣ್ಣು ಉದುರಿತು. ಶರತ್ತಿನ ಬಿಸಿಲು ಕವಿಗೆ ಸೊಬಗಾದರೆ ರಾಗಿ, ಅಡಿಕೆ, ಕಾಫಿ ಬೆಳೆಗಾರರಿಗೆ ಅದು ಒಕ್ಕಣೆಯ ಹಾಗೂ ಒಣಗಿಸುವಿಕೆಯ ಮೊದಲ ಅಗತ್ಯ; ಅದು ತಪ್ಪಿದರೆ ವರ್ಷದ ದುಡಿಮೆಯೇ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಆದುದರಿಂದ ಋತುವನ್ನು ಮೆಚ್ಚುವುದರ ಜೊತೆಗೆ ಅದನ್ನು ಗಮನಿಸಿ ಬರೆದಿಡುವ ಕೆಲಸವೂ ನಡೆಯಬೇಕಾಗಿದೆ. ಮರಗಳು ಚಿಗುರುವ, ಹೂಬಿಡುವ, ಕಾಯಿ ಕಟ್ಟುವ ದಿನಗಳನ್ನು ವಿದ್ಯಾರ್ಥಿಗಳಿಂದಲೂ ಜನಸಾಮಾನ್ಯರಿಂದಲೂ ಸಂಗ್ರಹಿಸುತ್ತಿರುವ ಸೀಸನ್‌ವಾಚ್ ಎಂಬ ಯೋಜನೆ ಇದಕ್ಕೊಂದು ಮಾದರಿ. ಊರಿನ ಶಾಲೆಯೊಂದು ಪ್ರತಿವರ್ಷ ಸಿಪಿಲೆ ಹಕ್ಕಿ ಬಂದ ದಿನವನ್ನೂ, ಕೆರೆ ಕೋಡಿ ಬಿದ್ದ ದಿನವನ್ನೂ, ಹುಚ್ಚೆಳ್ಳು ಹೂವಾದ ದಿನವನ್ನೂ ಗುರುತು ಹಾಕಿಕೊಂಡು ಬಂದರೆ, ಹತ್ತಿಪ್ಪತ್ತು ವರ್ಷಗಳಲ್ಲಿ ಆ ಪುಸ್ತಕವು ಯಾವ ಉಪಗ್ರಹವೂ ಕೊಡಲಾರದ ಸ್ಥಳೀಯ ತಿಳಿವನ್ನು ಕೊಡುತ್ತದೆ. ಮಳೆ ನಕ್ಷತ್ರಗಳ ಗಾದೆಗಳನ್ನು ಕಟ್ಟಿದ ರೈತರು ಮಾಡಿದ್ದೂ ಇದನ್ನೇ. ಅವರು ತಲೆಮಾರುಗಳ ಗಮನವನ್ನು ನಾಲಿಗೆಯ ಮೇಲೆ ಉಳಿಸಿದರು, ಈಗಿನವರು ಅದನ್ನು ದಿನಾಂಕಗಳಲ್ಲಿ ಉಳಿಸಬಹುದು. ಬದಲಾಗುತ್ತಿರುವ ಶರತ್ತಿಗೆ ಬಿತ್ತನೆಯನ್ನೂ ಕೊಯ್ಲನ್ನೂ ಹೊಂದಿಸಿಕೊಳ್ಳಬೇಕಾದ ಕಾಲದಲ್ಲಿ, ತಮ್ಮ ಊರಿನ ಋತುವನ್ನು ಹೀಗೆ ಬಲ್ಲವರ ಮೆಚ್ಚುಗೆಯೇ ನಾಡಿಗೆ ಹೆಚ್ಚು ಉಪಯೋಗಕ್ಕೆ ಬರುವಂಥದ್ದು.